ಗೋವಾದಲ್ಲಿ ರೊಮೇನಿಯನ್ ಹೋಟೆಲ್ ಮಾಡುವವರಿಗೆ: ಗೋಡೆಗೆ ಕೊನೆಗೆ ದುಡ್ಡು ಹಾಕಿ

ನಾನು ಬೆಳೆದದ್ದು ಮುಂಬೈಯ ಫೋರ್ಟಿನಲ್ಲಿ, ದೊಡ್ಡಪ್ಪನ ಉಡುಪಿ ಹೋಟೆಲಿನ ಗಲ್ಲಾದ ಹಿಂದೆ. ಅಲ್ಲಿ ಕಲಿತ ಮೊದಲ ವಿದ್ಯೆ ಎಂದರೆ ಗಿರಾಕಿಗೆ ಬೇಜಾರಾಗದ ಹಾಗೆ ಬೇಗ ಎಬ್ಬಿಸುವುದು. ಮಧ್ಯಾಹ್ನ ಒಂದು ಗಂಟೆಗೆ ಆಫೀಸಿನವರು ಬಾಗಿಲ ತನಕ ನಿಂತಿರುತ್ತಾರೆ, ಕೂತವರ ತಟ್ಟೆ ಖಾಲಿಯಾಗುವ ಮೊದಲೇ ಬಿಲ್ಲು ಬರಬೇಕು, ಅವರು ಕಾಫಿಯ ಕೊನೆ ಗುಟುಕು ಕುಡಿಯುವಾಗ ಕ್ಲೀನರ್ ಹುಡುಗ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿರಬೇಕು. ಆಮೇಲೆ ಆರು ವರ್ಷ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿದ್ದೆ. ಮಂಗಳೂರಿನವರು, ಗೋವಾದವರು, ಫಿಲಿಪ್ಪೀನ್ಸಿನವರು, ರೊಮೇನಿಯಾದವರು, ಎಲ್ಲ ಒಂದೇ ಒಲೆಯ ಸುತ್ತ. ಅಲ್ಲಿ ಸಿಕ್ಕ ಗೆಳೆಯನೊಬ್ಬನ ಊರು ಕಪ್ಪು ಸಮುದ್ರದ ದಡದ ಕಾನ್‌ಸ್ತಾನ್ತ್ಸ. ಒಂದು ರಜೆಯಲ್ಲಿ ಅವನ ಜೊತೆ ಹೋಗಿ ಎರಡು ವಾರ ಅಲ್ಲಿ ಇಲ್ಲಿ ತಿಂದು ಬಂದೆ.

ಆಗ ಗೊತ್ತಾಯಿತು, ನನ್ನ ವಿದ್ಯೆ ಅಲ್ಲಿ ಪೂರ್ತಿ ಉಲ್ಟಾ. ರೊಮೇನಿಯಾದಲ್ಲಿ ಊಟಕ್ಕೆ ಕೂತವರು ಏಳುವುದೇ ಇಲ್ಲ. ಮಧ್ಯಾಹ್ನ ಎರಡಕ್ಕೆ ಕೂತ ಕುಟುಂಬ ಕತ್ತಲಾದರೂ ಅಲ್ಲೇ ಇರುತ್ತದೆ, ಯಾರೂ ಬಿಲ್ಲು ತಂದಿಡುವುದಿಲ್ಲ, ಕೇಳಿದರೆ ಮಾತ್ರ.

ಈಗ ಗೋವಾದಲ್ಲಿದ್ದೇನೆ. ಇಲ್ಲಿ ಒಬ್ಬರು ರೊಮೇನಿಯನ್ ಊಟದ ಜಾಗ ಶುರು ಮಾಡಿದಾಗ ಎರಡು ಸೀಸನ್ ಜೊತೆಗಿದ್ದೆ. ಪುಣೆಯ ಕನ್ನಡದ ಗೆಳೆಯರೊಬ್ಬರು ಹೋದ ತಿಂಗಳು ಬಂದು ಊಟ ಮಾಡಿ, "ಮಾರಾಯ್ರೆ, ಇದನ್ನು ನಮ್ಮ ಕಡೆಯೂ ಮಾಡಬಹುದಲ್ಲ, ಆ ವಾತಾವರಣ ಹೇಗೆ ತಂದ್ರಿ ಅಂತ ಬರೆದು ಕಳಿಸಿ" ಅಂದರು. ಅವರಿಗೆ ಬರೆದದ್ದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಹಾಕುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾತಾವರಣ ಅಂದ ಕೂಡಲೇ ಎಲ್ಲರೂ ಗೋಡೆ ನೋಡುತ್ತಾರೆ. ಜನ ನೆನಪಿಟ್ಟುಕೊಳ್ಳುವುದು ಗೋಡೆಯನ್ನಲ್ಲ, ತಮ್ಮ ಕಣ್ಣೆದುರು ಯಾರೋ ಕೈಯಾರೆ ಮಾಡಿದ ಕೆಲಸವನ್ನು. ಉಡುಪಿ ಹೋಟೆಲಿನ ಗೋಡೆ ಯಾವ ಬಣ್ಣ ಅಂತ ನಿಮಗೆ ನೆನಪಿದೆಯಾ? ಇಲ್ಲ. ಕಾಫಿಯನ್ನು ಒಂದು ಮೊಳ ಎತ್ತಿ ಸುರಿದದ್ದು ನೆನಪಿದೆ.

ಮೊದಲು ಯಾವ ಥರದ ಜಾಗ ಅಂತ ತೀರ್ಮಾನ ಮಾಡಿ

ರೊಮೇನಿಯಾದಲ್ಲಿ ಹಳೆ ಕಾಲದ ಊಟದ ಜಾಗ ಎಂದರೆ ಮುಖ್ಯವಾಗಿ ಎರಡು ಥರ. ಒಂದು ಹಾನ್, ಅಂದರೆ ಗಾಡಿ ಕಟ್ಟಿಕೊಂಡು ಬಂದ ವ್ಯಾಪಾರಿಗಳು ಇಳಿಯುತ್ತಿದ್ದ ಛತ್ರ. ಬುಖಾರೆಸ್ಟಿನ ಹಾನುಲ್ ಲುಯ್ ಮನೂಕ್ ಇದಕ್ಕೆ ಒಳ್ಳೆ ಉದಾಹರಣೆ. 1808ರಲ್ಲಿ ಮನೂಕ್ ಬೇ ಎಂಬ ಅರ್ಮೇನಿಯನ್ ವ್ಯಾಪಾರಿ ಕಟ್ಟಿಸಿದ್ದು. ನಡುವೆ ದೊಡ್ಡ ಅಂಗಳ, ಸುತ್ತ ಮರದ ಕಂಬಗಳ ಜಗಲಿ, ಮೇಲೆ ಮರದ ಉಪ್ಪರಿಗೆ. 1812ರಲ್ಲಿ ರಷ್ಯಾ ಮತ್ತು ತುರ್ಕಿ ನಡುವಿನ ಒಪ್ಪಂದದ ಮಾತುಕತೆ ನಡೆದದ್ದೂ ಇಲ್ಲೇ. ಇನ್ನೊಂದು ಥರ ಬಿಯರ್ ಹಾಲ್. ಅದೇ ಊರಿನ "ಕಾರು ಕು ಬೇರೆ" ಎಂಬ ಹೋಟೆಲು, ಹೆಸರಿನ ಅರ್ಥ ಬಿಯರಿನ ಗಾಡಿ, 1879ರಲ್ಲಿ ಶುರುವಾಗಿ 1899ರಲ್ಲಿ ಈಗಿನ ಕಟ್ಟಡಕ್ಕೆ ಬಂದದ್ದು. ಎತ್ತರದ ಕಮಾನು ಚಾವಣಿ, ಬಣ್ಣದ ಗಾಜು, ಕೆತ್ತಿದ ಕಪ್ಪು ಮರ, ಒಳಗೆ ಹೋದರೆ ಚರ್ಚಿಗೆ ಬಂದೆವಾ ಅನ್ನಿಸುತ್ತದೆ.

ಇವೆರಡನ್ನೂ ಕಲಸಬೇಡಿ. ನಿಮ್ಮ ಜಾಗ ನೋಡಿ ಒಂದನ್ನು ಹಿಡಿಯಿರಿ. ಗೋವಾದ ಹಳೆ ಮನೆ ಸಿಕ್ಕಿದರೆ, ಒಳಗೊಂದು ಅಂಗಳ, ಎದುರಿಗೆ ಕೂರುವ ಬಾಲ್ಕಾವ್ ಇದ್ದರೆ, ನಿಮಗೆ ಅರ್ಧ ಹಾನ್ ಪುಕ್ಕಟೆ ಸಿಕ್ಕಿತು ಅಂತಲೇ ಲೆಕ್ಕ. ಪುಣೆಯ ಹಳೆ ವಾಡೆಗಳಲ್ಲೂ ನಡುವೆ ಚೌಕ, ಸುತ್ತ ಮರದ ಕಂಬ ಇರುತ್ತವಲ್ಲ, ಅದೂ ಹಾನ್‌ಗೆ ಹೇಳಿ ಮಾಡಿಸಿದ್ದು. ಮುಂಬೈಯಲ್ಲಿ ಅಂಗಳದ ಕನಸು ಬಿಡಿ. ಅಲ್ಲಿ ಸಿಗುವುದು ಉದ್ದದ ಗಾಳಾ, ಅಂದರೆ ಅಂಗಡಿ ಕೋಣೆ, ಮೇಲೊಂದು ಮಾಳಿಗೆ. ಅದರಲ್ಲಿ ಬಿಯರ್ ಹಾಲ್ ಮಾಡಿದರೆ ಒಪ್ಪುತ್ತದೆ, ಹಳ್ಳಿಮನೆ ಮಾಡಿದರೆ ಶಾಲಾ ವಾರ್ಷಿಕೋತ್ಸವದ ಸ್ಟೇಜ್ ಆಗುತ್ತದೆ.

ಒಂದು ಎಚ್ಚರಿಕೆ. ರೊಮೇನಿಯಾ ಅಂದ ತಕ್ಷಣ ಯಾರಾದರೂ ಒಬ್ಬರು ಬಾವಲಿ, ಶವಪೆಟ್ಟಿಗೆ, ಕೆಂಪು ಲೈಟು ಅಂತ ಶುರು ಮಾಡುತ್ತಾರೆ. ನಮ್ಮಲ್ಲೂ ಒಬ್ಬರು ಹೊಗೆ ಬಿಡುವ ಮಷೀನು ತಂದಿದ್ದರು. ರಕ್ತ ಹೀರುವ ಆ ಕೌಂಟ್ ಡ್ರಾಕುಲಾ ಐರಿಷ್ ಬರಹಗಾರನೊಬ್ಬನ ಕಲ್ಪನೆ, ರೊಮೇನಿಯಾದ ಅಜ್ಜಿಯರ ಅಡುಗೆಗೂ ಅವನಿಗೂ ಸಂಬಂಧವಿಲ್ಲ. ಮಷೀನನ್ನು ಎರಡೇ ದಿನಕ್ಕೆ ವಾಪಸ್ ಕಳಿಸಿದೆವು, ಕೆಮ್ಮಿ ಕೆಮ್ಮಿ ಯಾರಿಗೂ ಊಟ ಸೇರಲಿಲ್ಲ.

ಬಾಗಿಲಲ್ಲಿ

ರೊಮೇನಿಯಾದಲ್ಲಿ ಗೌರವದ ಅತಿಥಿ ಬಂದರೆ ಬ್ರೆಡ್ಡು ಮತ್ತು ಉಪ್ಪು ಕೊಟ್ಟು ಎದುರುಗೊಳ್ಳುತ್ತಾರೆ. ಕಸೂತಿ ಟವೆಲ್ಲಿನ ಮೇಲೆ ದುಂಡನೆ ಬ್ರೆಡ್ಡು, ಪಕ್ಕದಲ್ಲಿ ಚಿಕ್ಕ ಬಟ್ಟಲಲ್ಲಿ ಉಪ್ಪು. ಬಂದವರು ಒಂದು ಚೂರು ಮುರಿದು ಉಪ್ಪಿಗೆ ಅದ್ದಿ ತಿನ್ನುತ್ತಾರೆ. ನಾವು ಬಿಸಿಲಿಂದ ಬಂದವರಿಗೆ ಬೆಲ್ಲ, ನೀರು ಕೊಡುತ್ತೇವಲ್ಲ, ಅದೇ ಭಾವ. ಇದನ್ನು ಮಾಡಲು ಖರ್ಚೇ ಇಲ್ಲ. ಬೆಳಿಗ್ಗೆ ಸೈಕಲ್ ಹಾರ್ನ್ ಹೊಡೆದು ಬರುವ ಪೊದೇರ್, ಅಂದರೆ ಬ್ರೆಡ್ಡಿನವರ ಹತ್ತಿರ ಪೊಯ್ ಎಂಬ ಗೋವಾದ ಬ್ರೆಡ್ಡು ತೆಗೆದುಕೊಳ್ಳಿ. ದುಂಡಗಿದೆ, ಮೇಲೆ ಗೋಧಿ ತೌಡು ಉದುರಿಸಿರುತ್ತಾರೆ, ಹಳ್ಳಿ ಬ್ರೆಡ್ಡಿನ ರುಚಿ ಇದೆ. ರೊಮೇನಿಯಾದ್ದು ಅಂತ ಸುಳ್ಳು ಹೇಳಬೇಡಿ. "ಬ್ರೆಡ್ಡು ಇಲ್ಲಿಯದು, ಪದ್ಧತಿ ಅಲ್ಲಿಯದು" ಅಂದರೆ ಜನ ಖುಷಿಯಿಂದ ಮುರಿಯುತ್ತಾರೆ.

ಆದರೆ ಎಲ್ಲ ಟೇಬಲ್ಲಿಗೂ ಮೆರವಣಿಗೆಯ ಹಾಗೆ ಮಾಡಬೇಡಿ. ಬಾಗಿಲ ಪಕ್ಕ ಒಬ್ಬರು ನಿಂತಿರಲಿ, ಒಂದು ಸಣ್ಣ ನಗು, ಒಂದು ಚೂರು ಬ್ರೆಡ್ಡು, ಮುಗಿಯಿತು. ನಮ್ಮಲ್ಲಿ ಈ ಕೆಲಸಕ್ಕೆ ನಿಂತದ್ದು ಗದಗಿನ ಕಡೆಯ ಒಬ್ಬಾಕೆ, ವಯಸ್ಸು ಐವತ್ತರ ಮೇಲೆ. ಮಾಲೀಕರಿಗೆ ಮೊದಲು ಮನಸ್ಸಿರಲಿಲ್ಲ, ಚಂದದ ಹುಡುಗಿಯರು ಬೇಕಿತ್ತು. ನಾನು ಹಟ ಹಿಡಿದೆ. ಮನೆಗೆ ಬಂದವರನ್ನು ಕರೆಯುವುದು ಮನೆಯ ಹಿರಿಯರು ಅಲ್ವಾ? "ಬರ್ರಿ, ಕುಂದರ್ರಿ" ಅನ್ನುವ ಗತ್ತಿನಲ್ಲೇ ಆಕೆ "ಬಿನೆ ಆತ್ಸ್ ವೆನಿತ್" ಅನ್ನುತ್ತಿದ್ದರು. ಒಮ್ಮೆ ಬಂದ ನಿಜವಾದ ರೊಮೇನಿಯನ್ ಪ್ರವಾಸಿಗಳು ಆಕೆಯ ಕೈಗೆ ಮುತ್ತಿಟ್ಟು ಒಳಗೆ ಹೋದರು.

ಸಪ್ಲೈಯರ್‌ಗಳಿಗೆ ನಾಲ್ಕೇ ಮಾತು ಕಲಿಸಿದರೆ ಸಾಕು. ಬಂದಾಗ ಮೇಲೆ ಹೇಳಿದ್ದು, ಊಟ ಇಟ್ಟಾಗ "ಪೊಫ್ತ ಬುನ", ಗ್ಲಾಸು ಎತ್ತುವಾಗ "ನೊರೋಕ್", ಹೋಗುವಾಗ "ಲಾ ರೆವೆದೆರೆ". ಮಕ್ಕಳು ಬಂದಿದ್ದರೆ ಐದನೆಯದೊಂದು ಕಲಿಸಿ, "ಸರುತ್ ಮಿನಾ ಪೆಂತ್ರು ಮಾಸ". ಊಟಕ್ಕಾಗಿ ನಿಮ್ಮ ಕೈಗೆ ಮುತ್ತು ಅಂತ ಅರ್ಥ, ಅಲ್ಲಿ ಊಟವಾದ ಮೇಲೆ ಮಕ್ಕಳು ಅಮ್ಮನಿಗೋ ಅಜ್ಜಿಗೋ ಹೇಳುವುದು. ಪುಣೆಯಿಂದ ಬಂದ ಒಂದು ಪುಟ್ಟ ಹುಡುಗಿ ಇದನ್ನು ಅಡುಗೆಮನೆ ಬಾಗಿಲಿಗೆ ಹೋಗಿ ಕೂಗಿ ಹೇಳಿದಳು. ಒಳಗಿದ್ದ ಏಳು ಜನ ಗಂಡಸರು ಸೌಟು ಹಿಡಿದು ಸುಮ್ನೆ ನಿಂತುಬಿಟ್ಟರು.

ದಾರದಿಂದ ಕೊಯ್ಯುವ ಮುದ್ದೆ

ಒಂದೇ ಒಂದು ಕೆಲಸ ಮಾಡಲು ಶಕ್ತಿ ಇದೆ ಅಂದರೆ ಇದನ್ನು ಮಾಡಿ. ಮಮಲಿಗ ಎಂದರೆ ಮೆಕ್ಕೆಜೋಳದ ರವೆಯನ್ನು ನೀರು, ಉಪ್ಪಿನಲ್ಲಿ ತಿರುವಿ ತಿರುವಿ ಬೇಯಿಸಿದ ಗಟ್ಟಿ ಮುದ್ದೆ. ಎರಕದ ಕಬ್ಬಿಣದ ದುಂಡು ಪಾತ್ರೆಯಲ್ಲಿ, ಉದ್ದದ ಮರದ ಕೋಲಿನಲ್ಲಿ ತಿರುವುತ್ತಾರೆ. ಬೆಂದ ಮೇಲೆ ದುಂಡನೆ ಮರದ ಹಲಗೆಯ ಮೇಲೆ ಒಂದೇ ಸಲ ಮಗುಚುತ್ತಾರೆ, ಅದು ಹಳದಿ ಗುಮ್ಮಟದ ಹಾಗೆ ಕೂರುತ್ತದೆ, ಹಬೆ ಏಳುತ್ತದೆ. ಆಮೇಲೆ ಚಾಕು ಮುಟ್ಟಿಸುವುದಿಲ್ಲ. ಹತ್ತಿಯ ದಾರವನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಹಲಗೆಯ ಮೇಲೆ ಅಡಿಯಿಂದ ತೂರಿಸಿ, ಮೇಲಕ್ಕೆ ಎಳೆಯುತ್ತಾರೆ. ಬೆಣ್ಣೆ ಕೊಯ್ದ ಹಾಗೆ ತುಂಡಾಗುತ್ತದೆ.

ನಮ್ಮ ಅಡುಗೆಯವರು ಬಾಗಲಕೋಟೆಯವರು. ಮೊದಲ ದಿನ ನಾನು ದೊಡ್ಡ ಪಂಡಿತನ ಹಾಗೆ ವಿವರಿಸುತ್ತಿದ್ದೆ. ಅವರು ಕೇಳಿ ಕೇಳಿ ಸಾಕಾಗಿ, "ಸರ, ಇದು ಗೋವಿನಜೋಳದ ಸಂಗಟಿ ಅಲ್ರೀ? ಇಷ್ಟಕ್ಕ ಯಾಕ ಇಷ್ಟು ಮಾತು?" ಅಂದರು. ನಿಜ. ಮುದ್ದೆ ತಿರುವಿದ ಕೈಗೆ ಇದನ್ನು ಕಲಿಸುವ ಅಗತ್ಯವೇ ಇಲ್ಲ. ಹಾಗಾಗಿ ದೊಡ್ಡ ಹೋಟೆಲ್ ಸ್ಕೂಲಿನಿಂದ ಬಂದವರಿಗಿಂತ ಬಯಲುಸೀಮೆಯ ಯಾರಾದರೂ ಸಿಕ್ಕಿದರೆ ಅವರನ್ನು ಹಿಡಿದುಕೊಳ್ಳಿ.

ಅಳತೆ: ಒಂದು ಪಾಲು ರವೆಗೆ ಮೂರು ಪಾಲು ನೀರು ಹಾಕಿದರೆ ಕೊಯ್ಯುವಷ್ಟು ಗಟ್ಟಿ ಬರುತ್ತದೆ, ನಾಲ್ಕು ಹಾಕಿದರೆ ಮೆತ್ತಗೆ, ಚಮಚದಲ್ಲಿ ಬಡಿಸುವ ಹಾಗೆ. ಸಣ್ಣ ಉರಿಯಲ್ಲಿ ಅರ್ಧ ಗಂಟೆಯಾದರೂ ಬೇಯಲಿ, ಇಲ್ಲದಿದ್ದರೆ ಹಸಿ ವಾಸನೆ ಹೋಗುವುದಿಲ್ಲ. ಮಕ್ಕೆ ಕಿ ರೋಟಿಯ ಹಿಟ್ಟು ತರಬೇಡಿ, ಅದು ತುಂಬಾ ನುಣ್ಣಗೆ, ಅಂಟಂಟಾಗಿ ದಾರಕ್ಕೇ ಮೆತ್ತಿಕೊಳ್ಳುತ್ತದೆ. ರವೆಯ ಹದದಲ್ಲಿ ಬೀಸಿಸಿ. ದಾರವೂ ಹತ್ತಿಯದೇ ಆಗಬೇಕು. ನಾವು ಮೊದಲು ಹೊಲಿಗೆಯ ಪಾಲಿಯೆಸ್ಟರ್ ದಾರ ತಂದು, ಬಿಸಿ ಮುದ್ದೆಯ ನಡುವೆ ಅದು ಜಾರಿ ಕೈ ಕೊಯ್ದು, ಎಂಟು ಜನರೆದುರು ಮರ್ಯಾದೆ ಹೋಯಿತು.

ಇದನ್ನು ಅಡುಗೆಮನೆಯಲ್ಲಿ ಕೊಯ್ದು ತಟ್ಟೆಯಲ್ಲಿ ತಂದರೆ ಅದು ಬರೀ ಮುದ್ದೆ. ಟೇಬಲ್ಲಿನ ಮೇಲೆ ಮಗುಚಿದರೆ ಪಕ್ಕದ ಟೇಬಲ್ಲಿನವರೂ ಕತ್ತು ಉದ್ದ ಮಾಡುತ್ತಾರೆ. ದಾರದ ಒಂದು ತುದಿಯನ್ನು ಗಿರಾಕಿಗೇ ಕೊಡಿ. ಎಸಿ ಗಾಳಿ ನೇರವಾಗಿ ಬೀಳುವ ಟೇಬಲ್ಲಿಗೆ ಮಾತ್ರ ಬೇಡ, ಮಾತಾಡುತ್ತಾ ಕೂತರೆ ಐದು ನಿಮಿಷಕ್ಕೆ ಮೇಲೆ ಸಿಪ್ಪೆ ಕಟ್ಟುತ್ತದೆ. ಜೊತೆಗೆ ಸರ್ಮಾಲೆ ಇಡಿ. ಉಪ್ಪುನೀರಲ್ಲಿ ಹುಳಿ ಬರಿಸಿದ ಎಲೆಕೋಸಿನ ಎಲೆಯಲ್ಲಿ ಕೈಮಾ, ಅಕ್ಕಿ ಸುತ್ತಿ ಮಣ್ಣಿನ ಮಡಕೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಮಡಕೆಯನ್ನೇ ತಂದು ಟೇಬಲ್ಲಿನಲ್ಲಿ ಮುಚ್ಚಳ ತೆಗೆಯಿರಿ. ಪತ್ರೊಡೆ ತಿಂದವರಿಗೆ ಸುತ್ತುವ ಕೈಚಳಕ ನೋಡಿದ ಕೂಡಲೇ ಪರಿಚಯವಾಗುತ್ತದೆ.

ಹುಳಿ ಮತ್ತು ಹೊಗೆ

ಕಣ್ಣಿಗಿಂತ ಮೊದಲು ಮೂಗು ಒಳಗೆ ಹೋಗುತ್ತದೆ. ಬಾಗಿಲು ತೆಗೆದಾಗ ಫಿನೈಲ್ ವಾಸನೆ ಬಂದರೆ ಒಳಗೆ ಏನು ಮಾಡಿಟ್ಟರೂ ದಂಡ.

ರೊಮೇನಿಯಾದ ವಾಸನೆ ಎರಡು. ಒಂದು ಚೋರ್ಬ, ಹುಳಿ ಸಾರು. ಅದಕ್ಕೆ ಹುಳಿ ಬರುವುದು ಬೋರ್ಶ್‌ನಿಂದ, ಗೋಧಿ ತೌಡನ್ನು ನೀರಲ್ಲಿ ನೆನೆಹಾಕಿ ಹುದುಗಿಸಿದ ತಿಳಿ. ಅಲ್ಲಿಯ ಚಳಿಯಲ್ಲಿ ದಿನಗಟ್ಟಲೆ ಕಾಯಬೇಕು, ಗೋವಾದ ಸೆಕೆಯಲ್ಲಿ ಎರಡು ದಿನಕ್ಕೆ ತಯಾರು, ಮೂರನೇ ದಿನ ಬಿಟ್ಟರೆ ಕೈಮೀರುತ್ತದೆ. ತೌಡಿಗೆ ಆ ಪೊಯ್ ಬೇಕರಿಯವರನ್ನೇ ಕೇಳಿ. ಚೋರ್ಬಕ್ಕೆ ಅಲ್ಲಿ ಲೆಉಷ್ತ್ಯಾನ್ ಎಂಬ ಸೊಪ್ಪು ಹಾಕುತ್ತಾರೆ, ಆ ಘಮವೇ ಬೇರೆ. ನಾವು ಸೆಲೆರಿ ಎಲೆಯಲ್ಲಿ ಸುಧಾರಿಸಿದೆವು, ಹತ್ತಿರ ಬರುತ್ತದೆ, ಅದೇ ಅಲ್ಲ. ಚೋರ್ಬದ ಜೊತೆ ಒಂದು ಇಡೀ ಹಸಿಮೆಣಸಿನಕಾಯಿ ಪಕ್ಕದಲ್ಲಿಡುತ್ತಾರೆ, ಒಂದು ಚಮಚ ಸಾರು, ಒಂದು ಕಚ್ಚು ಮೆಣಸು. ವಡಾಪಾವ್ ತಿಂದು ಬೆಳೆದ ಮುಂಬೈಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ಒಂದು ಚಮಚ ಹುಳಿ ಕೆನೆ, ಗಿರಾಕಿಯೇ ಹಾಕಿಕೊಳ್ಳುವ ಹಾಗೆ ಬೇರೆ ಬಟ್ಟಲಲ್ಲಿ.

ಇನ್ನೊಂದು ವಾಸನೆ ಕೆಂಡದ್ದು. ಮಿಚ್ ಅಂತ, ಬೆಳ್ಳುಳ್ಳಿ ಹಾಕಿ ಬೆರಳಿನ ಗಾತ್ರಕ್ಕೆ ಉರುಟಿದ ಕೈಮಾ, ಮೇಲೆ ಸಿಪ್ಪೆ ಇಲ್ಲ, ನೇರ ಕೆಂಡದ ಮೇಲೆ. ಬುಖಾರೆಸ್ಟಿನ ಒಂದು ಹೋಟೆಲಿನಲ್ಲಿ ಸಾಸೇಜ್ ತುಂಬುವ ಕರುಳು ಮುಗಿದುಹೋಗಿ, ಇರುವ ಮಾಂಸವನ್ನು ಹಾಗೇ ಸುಟ್ಟು ಕೊಟ್ಟರಂತೆ, ಅಲ್ಲಿಂದ ಶುರು ಅಂತ ಕಥೆ. ಸಾಸಿವೆ ಪೇಸ್ಟು, ಬ್ರೆಡ್ಡು, ಅಷ್ಟೇ. ಒಲೆಯನ್ನು ಅಂಗಳದ ಬಾಗಿಲ ಹತ್ತಿರ, ಬರುವವರಿಗೆ ಕಾಣುವ ಹಾಗೆ ಇಡಿ. ಆದರೆ ಸಂಜೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಒಂದು ವಾರ ನೋಡಿಕೊಂಡು ಇಡಿ. ವಾಸನೆ ಬರಬೇಕು, ಹೊಗೆ ಬರಬಾರದು.

"ವೆಜ್ ಏನಿದೆ?"

ಈ ಪ್ರಶ್ನೆ ಬಂದೇ ಬರುತ್ತದೆ, ಮೊದಲ ದಿನವೇ ಬರುತ್ತದೆ. ಅಹಮದಾಬಾದಿನ ಹತ್ತು ಜನರ ಗುಂಪಿನಲ್ಲಿ ಎಂಟು ಜನ ಸಸ್ಯಾಹಾರಿಗಳು. ಪನೀರ್ ಬಟರ್ ಮಸಾಲ ಇಟ್ಟುಬಿಡೋಣ ಅಂತ ಮಾಲೀಕರು ಹೊರಟಿದ್ದರು. ಅಲ್ಲಿಗೆ ನಿಮ್ಮ ವಾತಾವರಣ ಮುಗಿಯಿತು, ಆ ವಾಸನೆ ಒಂದು ಸಲ ಎದ್ದರೆ ಇಡೀ ಮನೆ ಪಂಜಾಬ್.

ಇದಕ್ಕೆ ಉತ್ತರವೂ ರೊಮೇನಿಯಾದಲ್ಲೇ ಇದೆ. ಅವರು ಆರ್ಥಡಾಕ್ಸ್ ಕ್ರೈಸ್ತರು, ಅವರ ವ್ರತಕ್ಕೆ ಪೋಸ್ತ್ ಅನ್ನುತ್ತಾರೆ. ಪೋಸ್ತ್ ಹಿಡಿದವರು ಮಾಂಸ ಮಾತ್ರ ಅಲ್ಲ, ಹಾಲು, ಬೆಣ್ಣೆ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಬುಧವಾರ, ಶುಕ್ರವಾರ ಹಿಡಿಯುವವರಿದ್ದಾರೆ. ಈಸ್ಟರಿನ ಮೊದಲು ದೊಡ್ಡ ವ್ರತ. ಕ್ರಿಸ್‌ಮಸ್ಸಿನ ಮೊದಲು ನವೆಂಬರ್ 15ರಿಂದ ಡಿಸೆಂಬರ್ 24ರ ತನಕ 40 ದಿನ. ಅಲ್ಲಿ ಎಷ್ಟೋ ಹೋಟೆಲುಗಳು ಆ ದಿನಗಳಿಗೆ ಬೇರೆ ಮೆನುವನ್ನೇ ಇಡುತ್ತವೆ. ಉಡುಪಿ ಮಠದ ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಇನ್ನೊಂದು ತಿಂಗಳು ಮೊಸರಿಲ್ಲ, ಮತ್ತೊಂದರಲ್ಲಿ ಹಾಲಿಲ್ಲ, ಕೊನೆಗೆ ಬೇಳೆ ಇಲ್ಲ ಅಂತ ಅಡುಗೆ ಭಟ್ಟರು ಒದ್ದಾಡಿ ಒದ್ದಾಡಿ ಹೊಸ ರುಚಿ ಹುಟ್ಟಿಸಿದ್ದಾರಲ್ಲ, ಅಲ್ಲಿಯ ಅಜ್ಜಿಯರೂ ಹಾಗೆಯೇ. ಕಟ್ಟು ಇದ್ದಲ್ಲೇ ಅಡುಗೆಯವರ ತಲೆ ಓಡುವುದು.

ಆದ್ದರಿಂದ ಮೆನುವಿನಲ್ಲಿ ವೆಜ್ ಅಂತ ಹಾಕಬೇಡಿ, "ಪೋಸ್ತ್ ಊಟ, ವ್ರತದ ಅಡುಗೆ" ಅಂತ ಹಾಕಿ, ಎರಡು ಸಾಲಲ್ಲಿ ಕಥೆ ಬರೆಯಿರಿ. ಅಣಬೆ, ಅಕ್ಕಿ ತುಂಬಿದ ಸರ್ಮಾಲೆ. ಬಿಳಿ ಬೀನ್ಸ್ ಬೇಯಿಸಿ ಬೆಳ್ಳುಳ್ಳಿ ಹಾಕಿ ಅರೆದು, ಮೇಲೆ ಹುರಿದ ಈರುಳ್ಳಿ ಹರಡಿದ ಫಸೋಲೆ ಬತೂತ. ಸುಟ್ಟ ಬದನೆಕಾಯಿ, ಕೆಂಪು ಕ್ಯಾಪ್ಸಿಕಂ ಕುದಿಸಿ ಮಾಡಿದ ಜಕೂಸ್ಕ, ನಮ್ಮ ಸುಟ್ಟ ಬದನೆಯ ಗೊಜ್ಜಿನ ದೂರದ ನೆಂಟ. ಉಪ್ಪುನೀರಿನ ಉಪ್ಪಿನಕಾಯಿ. ದಾರದ ಮಮಲಿಗ ಹೇಗೂ ಇದೆ. ಅಹಮದಾಬಾದಿನವರು ತಾವು ಹೊಂದಿಸಿಕೊಂಡು ತಿಂದೆವು ಅಂತ ಹೇಳಲಿಲ್ಲ, ತಮಗಾಗಿಯೇ ಮಾಡಿದ್ದು ಅಂದುಕೊಂಡು ಹೋದರು. ಜೈನರು ಕೇಳಿದರೆ ಮಾತ್ರ ನೇರವಾಗಿ ಹೇಳಿ, ಇದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಜಾಸ್ತಿ ಅಂತ. ಸುಳ್ಳು ಹೇಳಿ ಬಡಿಸುವ ಪಾಪ ಬೇಡ. ಪಾತ್ರೆ, ಎಣ್ಣೆ ಬೇರೆ ಇಡಿ, ಇಟ್ಟದ್ದನ್ನು ಕಾಣುವ ಹಾಗೆ ಇಡಿ.

ಗೋಡೆ, ಬಟ್ಟೆ, ಮಣ್ಣು

ಈಗ ಗೋಡೆಗೆ ಬನ್ನಿ. ನಮ್ಮ ದೊಡ್ಡ ತಪ್ಪು ಉಣ್ಣೆಯದು. ರೊಮೇನಿಯಾದ ಹಳ್ಳಿಮನೆಗಳಲ್ಲಿ ಗೋಡೆಗೆ ನೇಯ್ದ ಕಂಬಳಿ ತೂಗುಹಾಕುತ್ತಾರೆ, 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದ ಕಲೆ. ನೋಡಲು ಬಹಳ ಚಂದ. ಸಾಲ ಮಾಡಿ ಮೂರು ತರಿಸಿದೆವು. ಜೂನ್ ಹದಿನೈದಕ್ಕೆ ಬಿಳಿ ಬೂಸ್ಟು, ಜುಲೈಯಲ್ಲಿ ನೆನೆದ ನಾಯಿಯ ವಾಸನೆ. ಕರಾವಳಿಯಲ್ಲಿ ಉಣ್ಣೆ ಬೇಡವೇ ಬೇಡ. ಅದರ ಬದಲು ಕೆಂಪು ಅಂಚಿನ ಉದ್ದ ಹತ್ತಿ ಟವೆಲ್. ಅಲ್ಲಿ ಇದಕ್ಕೆ ಷ್ತೆರ್ಗಾರ್ ಅನ್ನುತ್ತಾರೆ, ಗೋಡೆಯ ತಟ್ಟೆಗಳ ಮೇಲೆ ಎರಡು ಕಡೆ ಇಳಿಬಿಡುತ್ತಾರೆ. ಕೈಮಗ್ಗದವರ ಹತ್ತಿರ ನೇಯಿಸಿಕೊಳ್ಳಬಹುದು, ವಾರಕ್ಕೊಮ್ಮೆ ಒಗೆಯಬಹುದು.

ತಟ್ಟೆಗೆ ಹೊರೇಜು ಎಂಬ ಊರಿನ ಹೆಸರು ನೆನಪಿಡಿ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದ ಕುಂಬಾರಿಕೆ. ಹಸುವಿನ ಕೊಂಬಿನಿಂದ ಬಣ್ಣ ಬಿಟ್ಟು, ತಂತಿಯ ಕಡ್ಡಿಯಿಂದ ಎಳೆದು ಸುರುಳಿ, ಜೇಡರ ಬಲೆಯ ಗೆರೆ ಮಾಡುತ್ತಾರೆ, ನಡುವೆ ಹುಂಜ. ನಿಜವಾದದ್ದು ನಾಲ್ಕೋ ಆರೋ ತರಿಸಿ, ಕಣ್ಣಿನ ಎತ್ತರದಲ್ಲಿ ತೂಗುಹಾಕಿ. ದಿನದ ಬಳಕೆಗೆ ಗೋವಾದ ಬಿಚೋಲಿಯ ಕುಂಬಾರರು ಇದ್ದಾರೆ, ಘಟ್ಟ ಹತ್ತಿದರೆ ಬೆಳಗಾವಿ ಕಡೆಯ ಖಾನಾಪುರ ಇದೆ. ಅವರ ಹತ್ತಿರ ಸಾದಾ ಕೆಂಪು ಬಟ್ಟಲು ಮಾಡಿಸಿ. ಹುಂಜ ಬರೆಸಿ ನಕಲು ಮಾಡಿಸಬೇಡಿ, ಅದು ಆ ಊರಿನವರ ಅನ್ನ.

ಈಯೆ ಎಂಬ ಕಸೂತಿಯ ಬಿಳಿ ರವಿಕೆ ಅವರಿಗೆ ಬಹಳ ಹೆಮ್ಮೆಯ ಬಟ್ಟೆ. ಭುಜದ ಮೇಲಿನ ಕಸೂತಿ ನೋಡಿ ಯಾವ ಸೀಮೆಯವರು ಅಂತ ಹೇಳುವವರಿದ್ದಾರೆ, ನಮ್ಮಲ್ಲಿ ಸೀರೆಯ ಸೆರಗು ನೋಡಿ ಇಳಕಲ್ ಅನ್ನುವ ಹಾಗೆ. ಅದನ್ನು ನೈಲಾನಿನಲ್ಲಿ ಹೊಲಿಸಿ ಸಪ್ಲೈಯರ್‌ಗಳಿಗೆ ಹಾಕಿಸಿದರೆ ಫ್ಯಾನ್ಸಿ ಡ್ರೆಸ್ ಆಗುತ್ತದೆ, ಹುಡುಗರು ಮೈ ಕೆರೆದುಕೊಳ್ಳುತ್ತಾ ಓಡಾಡುತ್ತಾರೆ. ಬಿಳಿ ಹತ್ತಿ ಅಂಗಿ, ಕಪ್ಪು ಪ್ಯಾಂಟು, ಸೊಂಟಕ್ಕೊಂದು ಅಗಲದ ಕೆಂಪು ಪಟ್ಟಿ ಸಾಕು. ಕುರಿತುಪ್ಪಳದ ಟೋಪಿ ಹಾಕಿಸೋಣ ಅಂತಲೂ ಒಂದು ಸೂಚನೆ ಬಂದಿತ್ತು, ಮೇ ತಿಂಗಳಲ್ಲಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಗಾಜಿನ ಮೇಲೆ ಬರೆದ ದೇವರ ಚಿತ್ರಗಳು ಅಲ್ಲಿ ಸಿಗುತ್ತವೆ. ಅವು ಪೂಜೆಯವು, ಬಾಟಲಿಗಳ ನಡುವೆ ಇಡಬೇಡಿ. ನಮ್ಮ ಹೋಟೆಲುಗಳಲ್ಲಿ ಕೃಷ್ಣನ ಪಟ ಗಲ್ಲಾದ ಮೇಲೆ ಇರುತ್ತದೆಯೇ ಹೊರತು ಕೈತೊಳೆಯುವ ಜಾಗದಲ್ಲಿ ಅಲ್ಲವಲ್ಲ.

ಮೇಜು ಉದ್ದದ್ದಿರಲಿ, ಬೆಂಚು ಇರಲಿ. ಹಳೆ ಮನೆ ಕೆಡವುವಲ್ಲಿ ಹಲಸಿನ ಹಲಗೆ ಸಿಗುತ್ತದೆ, ಗೆದ್ದಲು ನೋಡಿ ತನ್ನಿ. ದೀಪ ಹಳದಿ, ಮೇಜಿನ ಮೇಲೆ ಮಾತ್ರ ಬೀಳುವ ಹಾಗೆ.

ಪಿಟೀಲು ಸಾಕು

ಅಲ್ಲಿ ಊಟದ ಮನೆಗಳಲ್ಲಿ ನುಡಿಸುವವರಿಗೆ ಲೌತಾರ್ ಅನ್ನುತ್ತಾರೆ, ಪಿಟೀಲು, ಅಕಾರ್ಡಿಯನ್, ತಂತಿಗಳ ಮೇಲೆ ಕೋಲಿನಿಂದ ಬಡಿಯುವ ತ್ಸಂಬಾಲ್. ನಮ್ಮ ಸಂತೂರಿನ ದೊಡ್ಡಣ್ಣ ಅನ್ನಿ. ಟೇಬಲ್ಲಿಂದ ಟೇಬಲ್ಲಿಗೆ ಬಂದು ಕಿವಿಯ ಹತ್ತಿರ ನುಡಿಸುತ್ತಾರೆ, ಸ್ಪೀಕರ್ ಇಲ್ಲ. ಗೋವಾದವರಿಗೆ ಇಲ್ಲಿ ಅದೃಷ್ಟ ಇದೆ. ಚರ್ಚಿನ ಶಾಲೆಗಳಲ್ಲಿ ಪಿಟೀಲು ಕಲಿತವರು ಊರೂರಲ್ಲಿ ಇದ್ದಾರೆ, ಇಲ್ಲಿಂದ ಹೋದವರೇ ಒಂದು ಕಾಲದಲ್ಲಿ ಬಾಂಬೆ ಸಿನಿಮಾದ ವಾದ್ಯವೃಂದ ತುಂಬಿದ್ದರು. ಒಬ್ಬ ನಿವೃತ್ತ ಮೇಷ್ಟ್ರನ್ನು ಹಿಡಿಯಿರಿ, ಆರೇಳು ರೊಮೇನಿಯನ್ ಹಳ್ಳಿ ಧಾಟಿ ಕಲಿಯಲು ತಿಂಗಳು ಕೊಡಿ.

ಸಂಜೆ ಏಳಕ್ಕೆ ಕುಣಿತದ ಧಾಟಿ ಬೇಡ. ಮೊದಲು ದೋಯ್ನ, ನಿಧಾನದ, ತಾಳ ಇಲ್ಲದ, ವಿರಹದ ಹಾಡು. ನಮ್ಮ ತುಳುನಾಡಿನ ಪಾಡ್ದನ ರಾತ್ರಿ ಹೊತ್ತಲ್ಲಿ ದೂರದಿಂದ ಕೇಳಿದ ಹಾಗೆ. ಜನ ಎರಡು ಗ್ಲಾಸು ಮುಗಿಸಿದ ಮೇಲೆ ಹೋರ, ಕೈಕೈ ಹಿಡಿದು ದುಂಡಗೆ ಕುಣಿಯುವುದು. ಅದಕ್ಕೆ ಅಂಗಳದ ನಡುವೆ ಜಾಗ ಬಿಟ್ಟಿರಬೇಕು, ಇನ್ನೆರಡು ಟೇಬಲ್ ಹಾಕುವ ಆಸೆಯಾಗುತ್ತದೆ, ಹಾಕಬೇಡಿ. ಹಿಂದಿ ಹಾಡು ನುಡಿಸಿ ಅಂತ ಕೇಳುವವರು ಬರುತ್ತಾರೆ. ಕೊನೆಗೆ ಒಂದು, ಹೋಗುವಾಗ, ಅಂತ ನಾವು ನಿಯಮ ಮಾಡಿಕೊಂಡೆವು. ರಾತ್ರಿ ಹತ್ತರ ನಂತರ ಹೊರಗೆ ಧ್ವನಿವರ್ಧಕ ಕಾನೂನಿನಲ್ಲೇ ಇಲ್ಲ, ಸ್ಪೀಕರ್ ಇಲ್ಲದಿದ್ದರೆ ನೆರೆಯವರೂ ನೆಂಟರಾಗಿಯೇ ಇರುತ್ತಾರೆ.

ಕುಡಿಯಲು ಅಲ್ಲಿ ತ್ಸುಯ್ಕ, ಪ್ಲಮ್ ಹಣ್ಣಿನ ಸಾರಾಯಿ, ಊಟಕ್ಕೆ ಮೊದಲು ಚಿಕ್ಕ ಗ್ಲಾಸಿನಲ್ಲಿ. ಇಲ್ಲಿ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಗೇರುಹಣ್ಣಿನ ಫೆನಿಯನ್ನು ಅದೇ ಅಳತೆಯ ಗ್ಲಾಸಿನಲ್ಲಿ ಕೊಡಿ, ಆದರೆ ಫೆನಿ ಅಂತಲೇ ಹೆಸರು ಹೇಳಿ ಕೊಡಿ. ಕುಡಿಯದವರಿಗೆ ಪುನರ್ಪುಳಿ, ಅದೇ ಗ್ಲಾಸಿನಲ್ಲಿ. ಯಾರ ಕೈಯೂ ಖಾಲಿ ಇರಬಾರದು.

ವರ್ಷದ ಎರಡು ದಿನ

ಮಾರ್ಚ್ 1ಕ್ಕೆ ಅಲ್ಲಿ ಮರ್ತ್ಸಿಶೋರ್. ಕೆಂಪು, ಬಿಳಿ ದಾರ ಹೊಸೆದು ಒಬ್ಬರಿಗೊಬ್ಬರು ಕೊಡುತ್ತಾರೆ, ದಿನಗಟ್ಟಲೆ ಧರಿಸಿ ಆಮೇಲೆ ಎಷ್ಟೋ ಕಡೆ ಮರದ ಕೊಂಬೆಗೆ ಕಟ್ಟುತ್ತಾರೆ, ವಸಂತ ಬಂತು ಅಂತ. ನಮ್ಮ ಜನಕ್ಕೆ ಕೈಗೆ ದಾರ ಕಟ್ಟಿಸಿಕೊಳ್ಳುವುದು ಹೊಸದಲ್ಲ. ಅಂಗಳದ ಮರಕ್ಕೆ ಕಟ್ಟಲು ಬಿಡಿ, ಒಂದು ತಿಂಗಳಲ್ಲಿ ಅದು ನಿಮ್ಮ ಎಲ್ಲ ಅಲಂಕಾರಕ್ಕಿಂತ ಚಂದ ಕಾಣುತ್ತದೆ.

ಇನ್ನೊಂದು ಈಸ್ಟರ್. ಆರ್ಥಡಾಕ್ಸ್ ಈಸ್ಟರ್ ಬಹಳ ವರ್ಷ ಬೇರೆ ಭಾನುವಾರಕ್ಕೆ ಬೀಳುತ್ತದೆ. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಇದ್ದವು, 2026ರಲ್ಲಿ ಗೋವಾದ ಚರ್ಚುಗಳದ್ದು ಏಪ್ರಿಲ್ 5, ಅವರದ್ದು 12. ಅಂದರೆ ಹೋಟೆಲಿಗೆ ಎರಡು ಹಬ್ಬ. ಕೆಂಪು ಬಣ್ಣದ ಬೇಯಿಸಿದ ಮೊಟ್ಟೆ ಒಬ್ಬೊಬ್ಬರಿಗೆ ಒಂದು, ಎದುರಿನವರ ಮೊಟ್ಟೆಗೆ ಕುಟ್ಟಬೇಕು, ಒಡೆದವರು ಸೋತರು. ದೊಡ್ಡ ಕಂಪನಿಯ ಮ್ಯಾನೇಜರುಗಳು ಮೊಟ್ಟೆಗಾಗಿ ಜಗಳ ಆಡಿದ್ದನ್ನು ನೋಡಿದ್ದೇನೆ.

ಕೊನೆಗೆ ಸಿಹಿ

ಇಲ್ಲಿ ಕನ್ನಡದವರಿಗೆ ಮಾತ್ರ ಸಿಗುವ ಒಂದು ಮಜಾ ಇದೆ. ರೊಮೇನಿಯಾದ ಹೆಸರುವಾಸಿ ಸಿಹಿಯ ಹೆಸರು ಪಾಪನಾಶ್. ಸುಳ್ಳಲ್ಲ, ಅವರು ಹಾಗೇ ಹೇಳುವುದು. ಮೆತ್ತನೆ ಹಸಿ ಚೀಸಿನ ಹಿಟ್ಟನ್ನು ವಡೆಯ ಹಾಗೆ ನಡುವೆ ತೂತು ಮಾಡಿ ಎಣ್ಣೆಯಲ್ಲಿ ಕರಿದು, ಮೇಲೊಂದು ಪುಟ್ಟ ಉಂಡೆ ಕೂರಿಸಿ, ಹುಳಿ ಕೆನೆ, ಹಣ್ಣಿನ ಜಾಮ್ ಸುರಿಯುವುದು. ನಾವು ಛೆನಾದಲ್ಲಿ ಮಾಡಿ ನೇರ್ಲೆ ಹಣ್ಣಿನ ಜಾಮ್ ಹಾಕಿದೆವು. ಬೀದರಿನ ಒಬ್ಬರು ಮೆನು ನೋಡಿ, "ನಮ್ಮೂರಾಗ ಪಾಪನಾಶ ಗುಡಿ ಅದ, ಇಲ್ಲಿ ತಿಂಡಿ ಆಗ್ಯಾದೇನ್ರಿ" ಅಂತ ಬಿದ್ದು ಬಿದ್ದು ನಕ್ಕು ಮೂರು ಪ್ಲೇಟ್ ತರಿಸಿದರು. ಒಂದು ಪ್ಲೇಟಿಗೆ ಎರಡು ಚಮಚ ಇಡಿ, ಒಬ್ಬರಿಂದ ಮುಗಿಯುವುದಿಲ್ಲ.

ಬಿಲ್ಲು ಕೇಳುವ ತನಕ ತರಬೇಡಿ. ಇದು ನನಗೇ ಅತಿ ಕಷ್ಟವಾದ ಪಾಠ. ಕೈ ತಾನಾಗಿ ಬಿಲ್ ಬುಕ್ಕಿನ ಕಡೆ ಹೋಗುತ್ತದೆ, ಮೂರು ತಲೆಮಾರಿನ ರೋಗ. ರಾತ್ರಿಗೆ ಎರಡು ಬುಕಿಂಗ್ ಮಾತ್ರ ಇಟ್ಟು, ಕೂರುವ ಹೊತ್ತನ್ನೂ ಸೇರಿಸಿ ದರ ಹಾಕಿ. ಕ್ಲೀನರ್ ಹುಡುಗರಿಗೆ ಹೇಳಿ, ಕೂತವರ ಪಕ್ಕ ಬಟ್ಟೆ ಹಿಡಿದು ನಿಲ್ಲಬಾರದು ಅಂತ.

ಮಳೆ ಶುರುವಾಗುವ ಮೊದಲು ಟವೆಲ್ಲುಗಳನ್ನು ಇಳಿಸಿ ಒಗೆದು, ಬಿಸಿಲಿಗೆ ಹಾಕಿ, ಬೇವಿನ ಎಲೆಯ ಜೊತೆ ತಗಡಿನ ಪೆಟ್ಟಿಗೆಯಲ್ಲಿಡಿ. ಮಮಲಿಗದ ಹಲಗೆಗಳನ್ನು ಉಪ್ಪು, ನಿಂಬೆ ಹಾಕಿ ಉಜ್ಜಿ, ಚೆನ್ನಾಗಿ ಒಣಗಿಸಿ, ಜೇನುಮೇಣ ಸವರಿ ನಿಲ್ಲಿಸಿ ಇಡಿ, ಮಲಗಿಸಬೇಡಿ, ಬಾಗುತ್ತವೆ. ದಾರದ ಉಂಡೆ ಮಾತ್ರ ಅಡುಗೆಮನೆಯ ಮೊಳೆಯಲ್ಲೇ ಇರಲಿ, ಒಂದು ಟೇಬಲ್ಲಿಗೆ ಒಂದು ಹೊಸ ತುಂಡು.